ಬೆಳ್ಳಿಕೇತ ಬಿಟ್ಟ ಕರಡಿ ಪಾಲು

ಹಾಸನೂರಿನ ಸುತ್ತಮುತ್ತ ಕೇತ ಎಂಬ ಹೆಸರಿನವರು ಒಂದು ಕಾಲದಲ್ಲಿ ಏಳೆಂಟು ಜನ ಇದ್ದರು. ಕುಂಟಕೇತ, ಬೀಡಿಕೇತ, ಆನೆ ಅಟ್ಟಿಸಿಕೊಂಡು ಬಂದರೂ ಬದುಕಿ ಉಳಿದ ಓಟದ ಕೇತ, ಹೀಗೆ. ಆದರೆ ದಿಂಬದ ಟೀ ಅಂಗಡಿಯವರು ಬೆಂಚು ಒರೆಸಿ ಕೂರಿಸುತ್ತಿದ್ದದ್ದು ಒಬ್ಬನನ್ನೇ, ಬೆಳ್ಳಿಕೇತನನ್ನು. ಹಾಗೆಂದು ಅವನ ಮೈಮೇಲೆ ಗುಲಗಂಜಿ ತೂಕದ ಬೆಳ್ಳಿಯೂ ಇರಲಿಲ್ಲ. ಸೊಂಟದ ಉಡಿದಾರ ಕೂಡ ನೂಲಿನದು. ಬಿಳಿ ದೊರೆಯ ಬಂಗಲೆಯಿಂದ ಹನ್ನೆರಡು ಬೆಳ್ಳಿ ಚಮಚ ಕದ್ದು, ಆರು ತಿಂಗಳು ಜೈಲಿನಲ್ಲಿ ಒದೆ ತಿಂದು, ಎಲ್ಲಿಟ್ಟೆ ಎಂದು ಕೇಳಿದರೆ ತುಟಿ ಪಿಟಕ್ಕೆನ್ನದ ಗಂಡು ಅಂತ ತಾಳವಾಡಿ ಸೀಮೆಯೆಲ್ಲ ಅವನನ್ನು ಕೊಂಡಾಡುತ್ತಿತ್ತು.

ಇದರಲ್ಲಿ ತೊಡಕು ಒಂದೇ. ಕೇತ ಆ ಚಮಚಗಳನ್ನು ಕದ್ದಿರಲಿಲ್ಲ.

ನಡೆದದ್ದು ಇಷ್ಟು. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಕಾಡಿನೊಳಗಿನ ಬಂಗಲೆಯಲ್ಲಿ ಒಬ್ಬ ದೊರೆ ಇದ್ದ. ಮಾತಿಗೆ ಮೊದಲು ಮೂರು ಸಲ ಕೆಮ್ಮುತ್ತಿದ್ದುದರಿಂದ ಜನ ಅವನನ್ನು ಕೆಮ್ಮು ದೊರೆ ಎನ್ನುತ್ತಿದ್ದರು. ಇಪ್ಪತ್ತರ ಸೋಲಿಗರ ಹುಡುಗ ಕೇತ ಅಲ್ಲಿ ನೀರು ಹೊರುತ್ತಿದ್ದ. ಅಡುಗೆ, ಬೀಗದ ಕೈ, ಬೈಗುಳ ಈ ಮೂರೂ ಕೊಯಮತ್ತೂರು ಕಡೆಯ ಬಟ್ಲರನ ವಶದಲ್ಲಿದ್ದವು. ತಲೆಗೆ ಕೆಂಪಂಚಿನ ಬಿಳಿ ಬಟ್ಟೆ ಸುತ್ತಿಕೊಂಡು, ದೊರೆಗಿಂತ ತಾನೇ ದೊಡ್ಡ ದೊರೆ ಎನ್ನುವಂತೆ ಓಡಾಡುತ್ತಿದ್ದ ಮನುಷ್ಯ. ಒಂದು ಬೆಳಿಗ್ಗೆ ದೊರೆಸಾನಿಯ ಚಮಚದ ಪೆಟ್ಟಿಗೆ ತೆರೆದರೆ ಖಾಲಿ. ಬಟ್ಲರ್ ಯೋಚನೆಯನ್ನೂ ಮಾಡದೆ ಕೇತನ ಕಡೆ ಬೆರಳು ತೋರಿಸಿದ. ಸತ್ಯಮಂಗಲದಿಂದ ಪೋಲೀಸಿನವರು ಬಂದರು. ಕೇತ ತಮಿಳಿನಲ್ಲಿ ಕಲಿತ ಮೊದಲ ಮಾತು ‘ಎಂಗಡಾ’. ಎಲ್ಲಿಟ್ಟೆಯೋ ಅಂತ. ಆರು ತಿಂಗಳಲ್ಲಿ ಆ ಮಾತನ್ನು ಅವನು ಎಷ್ಟು ಸಲ ಕೇಳಿದನೋ, ಅಷ್ಟೂ ಸಲ ಒಂದೊಂದು ಏಟು ಬಿದ್ದಿತು. ಗೊತ್ತಿದ್ದರೆ ತಾನೇ ಹೇಳುವುದು! ಬಟ್ಲರನೋ, ಕೇತ ಜೈಲಿಗೆ ಹೋದ ಹದಿನೈದು ದಿನಕ್ಕೆ ಮಲೆಜ್ವರ ಬಂದು ಸತ್ತ.

ಜೈಲಿನಿಂದ ಬಂದ ದಿನ ಪೋಡಿನ ಜನ ಸುತ್ತ ಕೂತರು. ಹನ್ನೆರಡು ಗುಡಿಸಲಿನ ಪುಟ್ಟ ಪೋಡು ಅದು. ‘ನಾ ಕದೀನಿಲ್ಲ ಕಣ್ರಪ್ಪ’ ಎಂದ ಕೇತ. ಒಳ್ಳೆಯದು, ಹಾಗೇ ಹೇಳುತ್ತಿರು ಎಂದು ಮುದುಕರು ಕಣ್ಣು ಮಿಟುಕಿಸಿದರು. ಎರಡನೆಯ ದಿನವೂ ಕದ್ದಿಲ್ಲ ಎಂದ. ಭಲೇ, ಇದಪ್ಪ ಬಾಯಿ ಅಂದರೆ, ಎಂದರು. ಮೂರನೆಯ ದಿನ ಪೋಡಿನ ಯಜಮಾನ ತನ್ನ ಹೊಗೆಸೊಪ್ಪಿನ ಚೀಲವನ್ನೇ ಬಿಚ್ಚಿ ಮುಂದಿಟ್ಟು, ಎಲ್ಲಿ ಹೂತಿದ್ದೀಯೋ ಮಗನೇ ಎಂದು ಕಿವಿಯಲ್ಲಿ ಕೇಳಿದ. ಯಜಮಾನನ ಚೀಲ ಇನ್ನೊಬ್ಬರ ಮುಂದೆ ಬಿಚ್ಚಿದ್ದನ್ನು ಯಾರೂ ಕಂಡವರಲ್ಲ. ಕೇತ ಒಂದು ಎಸಳು ತೆಗೆದುಕೊಂಡ, ಬಾಯಿಗೆ ಹಾಕಿಕೊಂಡ, ಸುಮ್ಮನೆ ನಕ್ಕ.

ಆ ನಗೆ ಅವನ ಬಾಳನ್ನೇ ಬದಲಾಯಿಸಿತು. ಯಜಮಾನ ತನ್ನ ಮಗಳು ಮಾದಕ್ಕನನ್ನು ಕೊಟ್ಟ. ಜೇನು ಕೀಳಲು ಹೋದರೆ ಮೊದಲ ಹುಟ್ಟು ಕೇತನಿಗೆ. ಪಂಚಾಯ್ತಿ ಕೂತರೆ ಮೊದಲ ಮಾತು ಕೇತನದು. ಗೆಟ್ಟವಾಡಿಯ ಚಿಕ್ಕಬಸಪ್ಪ, ಮೂರು ಬಾವಿ, ಆರು ಜೊತೆ ಎತ್ತಿನ ಲಿಂಗವಂತ ಸಾಹುಕಾರ, ಸೋಲಿಗರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸುವವರು, ಕೇತನನ್ನು ಮಾತ್ರ ಜಗಲಿಗೆ ಕರೆದು ಕಾಫಿ ಕೊಟ್ಟು ಕಥೆ ಹೇಳಿಸುತ್ತಿದ್ದರು. ಜಗಲಿಯ ಮೇಲೆ ಕೂತವನಿಗೆ ಕಥೆ ತಾನಾಗಿ ಬರುತ್ತದೆ. ಹನ್ನೆರಡು ಚಮಚ ಒಂದು ಸುಗ್ಗಿಯಲ್ಲಿ ಹದಿನೆಂಟಾಯಿತು, ಮುಂದಿನ ಸುಗ್ಗಿಗೆ ಎರಡು ಡಜನ್. ಅವು ಹಳೆಯವಾದಾಗ ಒಂದು ಬೆಳ್ಳಿ ಸೌಟೂ ಹುಟ್ಟಿತು. ಮೊಳದುದ್ದ ಹಿಡಿ, ಹಿಡಿಯ ತುದಿಗೆ ಸಿಂಹದ ಮೊಕ! ಸಿಂಹದ ಕಣ್ಣಿಗೆ ಕೆಂಪು ಕಲ್ಲು ಇತ್ತೋ ಇಲ್ಲವೋ ಎಂಬುದನ್ನು ಕೇತ ಇನ್ನೂ ತೀರ್ಮಾನ ಮಾಡಿರಲಿಲ್ಲ.

ಎಲ್ಲಿಟ್ಟಿದ್ದೀಯ ಎಂದು ಕೇಳದವರೇ ಇರಲಿಲ್ಲ. ಕಂಡಕ್ಟರು ಕೇಳಿದ, ಗಾರ್ಡು ಕೇಳಿದ, ಮೇಷ್ಟರು ಕೇಳಿದರು. ಹಳ್ಳದ ಅತ್ತಿಮರದ ಬುಡ ಎಂದು ಒಮ್ಮೆ ಬಾಯಿತಪ್ಪಿದಂತೆ ಹೇಳಿದ್ದಕ್ಕೆ ತಾಳವಾಡಿಯ ಇಬ್ಬರು ಹೋಗಿ ಎದೆಮಟ್ಟ ಅಗೆದು, ಬರಿಗೈಲಿ ಬಂದು ಜಗಳಕ್ಕೆ ನಿಂತರು. ಮೊನ್ನೆ ತಾನೇ ಜಾಗ ಬದಲಾಯಿಸಿದೆ ಎಂದು ಕೇತ ಅವರನ್ನು ಸಮಾಧಾನ ಮಾಡಿ ಕಳಿಸಿದ. ಲೋಕವೆಲ್ಲ ಕೇಳಿದ ಆ ಮಾತನ್ನು ಒಂದು ದಿನವೂ ಕೇಳದವಳು ಅವನ ಹೆಂಡತಿ. ಮಾದಕ್ಕನಿಗೆ ಬೆಳ್ಳಿಯ ಮೇಲೆ ಆಸೆ ಇಲ್ಲ ಎಂದುಕೊಂಡಿದ್ದ ಕೇತ. ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡವನಲ್ಲ. ಗಂಡಸರು ಇಂಥದ್ದಕ್ಕೆಲ್ಲ ಎಲ್ಲಿ ತಲೆ ಕೆಡಿಸಿಕೊಳ್ಳುತ್ತಾರೆ ಬಿಡಿ.

ಹೀಗೆ ನಲವತ್ತೊಂದು ವರ್ಷ ಕಳೆಯಿತು. ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ, ಒಂದು ಮಂಗಳವಾರ, ಹಳೆಯ ಬಂಗಲೆಯ ವಾಚರ್ ಬಿಳಿಗಿರಿ ಪೋಡಿಗೆ ಬಂದ. ದೊರೆಗಳು ಹೋಗಿ ಬಂಗಲೆ ಸರ್ಕಾರದ್ದಾಗಿ ಯಾವುದೋ ಕಾಲವಾಗಿತ್ತು. ಹಿಂದಿನ ಕೋಣೆಯ ಚಿಮಣಿ ಬಿರುಕು ಬಿಟ್ಟಿದೆ, ನಾಳೆ ಗಾರೆಯವರು ಕೆಡವುತ್ತಾರೆ, ಆದರೆ ಒಳಗೆ ತುಡುವೆ ಜೇನು ಕಟ್ಟಿದೆ, ನೀನೇ ಬಂದು ಕೀಳಬೇಕು ಎಂದ. ಆ ಚಿಮಣಿ ಕೆಮ್ಮು ದೊರೆಯ ಕಾಲದಲ್ಲೇ ಹೊಗೆ ಒಳಕ್ಕೆ ತಳ್ಳುತ್ತದೆಂದು ಬೆಂಕಿ ಕಾಣದೆ ಬಿದ್ದಿದ್ದು. ಜೇನಿಗೆ ಇನ್ನೇನು ಬೇಕು?

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಸೋಲಿಗರು ಜೇನು ಕಿತ್ತರೆ ಪೂರ್ತಿ ಕೀಳುವುದಿಲ್ಲ. ಒಂದು ಚೂರು ಹುಟ್ಟು ಅಲ್ಲೇ ಬಿಟ್ಟು ಬರುತ್ತಾರೆ, ಅದು ಕರಡಿ ಪಾಲು. ನಾರೆಗೆಣಸು ಅಗೆದರೆ ಬುಡದ ತುಂಡು ಮಣ್ಣಲ್ಲೇ ಉಳಿಯಬೇಕು. ನೆಲ್ಲಿಕಾಯಿ ಉದುರಿಸಿದರೆ ಒಂದು ಕೊಂಬೆ ಮುಟ್ಟುವ ಹಾಗಿಲ್ಲ. ನಡೆಯಲು ಕಲಿಯುವ ಮಗುವಿಗೆ ಕಲಿಸುವ ಪಾಠ ಇದು. ಆಮೇಲೆ ಮನಸ್ಸು ಮರೆತರೂ ಕೈ ಮರೆಯುವುದಿಲ್ಲ.

ಕೇತ ಹಸಿ ಸೊಪ್ಪಿನ ಹೊಗೆ ಹಾಕಿ, ಒಲೆಯ ಗೂಡಿನೊಳಗೆ ತಲೆ ತೂರಿಸಿ, ಮೇಲಕ್ಕೆ ಕೈ ಚಾಚಿದ. ಹುಟ್ಟು ಒಂದೊಂದೇ ಕೊಯ್ದು ಡಬ್ಬಕ್ಕೆ ಇಳಿಸಿದ. ಮೂಲೆಯಲ್ಲಿ ಒಂದು ಚೂರು ಬಿಟ್ಟ. ಅದರ ಹಿಂದಿನ ಕಟ್ಟೆಯ ಮೇಲೆ ಬೆರಳಿಗೆ ಬಟ್ಟೆ ತಗುಲಿತು. ಎಳೆದು ಬೆಳಕಿಗೆ ಹಿಡಿದರೆ ಗಂಟು. ಮಸಿ ಹಿಡಿದಿದ್ದರೂ ಅಂಚಿನ ಕೆಂಪು ಕಾಣುತ್ತಿತ್ತು. ಬಟ್ಲರನ ತಲೆಯ ಬಟ್ಟೆ! ಒಳಗೆ ಹನ್ನೆರಡು ಚಮಚ, ಕರ‍್ರಗೆ, ಒಂದರ ಮೇಲೊಂದು ಮಲಗಿದ್ದವು.

ಬೇರೆ ಯಾರಾದರೂ ಆಗಿದ್ದರೆ ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದರು. ನಲವತ್ತೊಂದು ವರ್ಷಕ್ಕೆ ಕಳಂಕ ಕಳೆಯಿತಲ್ಲ! ಕೇತ ಮಾತ್ರ ಗಂಟನ್ನು ಮಡಿಲಿಗೆ ಎಳೆದುಕೊಂಡು ಬಾಗಿಲ ಕಡೆ ನೋಡಿದ. ಈ ವಯಸ್ಸಿನಲ್ಲಿ ತಾನು ಕಳ್ಳನಲ್ಲ ಎಂದು ಗೊತ್ತಾದರೆ ಗತಿಯೇನು? ಗಂಟನ್ನು ತೋರಿಸಿದರೆ, ಸುಮ್ಮಸುಮ್ಮನೆ ಒದೆ ತಿಂದು ಬಂದ ಪೆದ್ದ ಎನ್ನುತ್ತಾರೆ. ಇಲ್ಲೇ ಬಿಟ್ಟರೆ ನಾಳೆ ಗಾರೆಯವನ ಕೈಗೆ ಸಿಕ್ಕಿ, ದೊರೆಯ ಚಮಚ ದೊರೆಯ ಚಿಮಣಿಯಲ್ಲೇ ಇತ್ತಂತೆ, ಈ ಮುದುಕ ನಲವತ್ತು ವರ್ಷ ಬೊಗಳೆ ಬಿಟ್ಟನಂತೆ ಎಂದು ಹಾಸನೂರಿನಿಂದ ಗೆಟ್ಟವಾಡಿಯವರೆಗೆ ನಗುತ್ತಾರೆ. ಬೆಂಚು ಒರೆಸುವವರಿಲ್ಲ, ಜಗಲಿಯಿಲ್ಲ, ಕಾಫಿಯಿಲ್ಲ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಉಳಿದದ್ದು ಒಂದೇ ದಾರಿ. ಕದಿಯುವುದು. ಪರರ ಹುಲ್ಲುಕಡ್ಡಿಯನ್ನೂ ಮುಟ್ಟದ ಕೇತ, ಅರವತ್ತೊಂದನೆಯ ವಯಸ್ಸಿನಲ್ಲಿ, ಮೊಟ್ಟಮೊದಲ ಸಲ ಕದ್ದ. ಅದೇನು ಅವಸ್ಥೆ ಅಂತೀರಿ! ಜೇನು ಹತ್ತಿದ ಚಮಚ ಜಾರಿ ಬೂದಿಗೆ ಬಿತ್ತು. ಹೊಗೆಗೆ ಕೆಮ್ಮು ಬಂದು, ಸತ್ತ ದೊರೆಯೇ ಹಿಂದೆ ನಿಂತು ಕೆಮ್ಮಿದಂತಾಗಿ ಎರಡು ಸಲ ತಿರುಗಿ ನೋಡಿದ. ಚಮಚಗಳನ್ನು ಡಬ್ಬದ ತಳಕ್ಕೆ ಸೇರಿಸಿ, ಮೇಲೆ ಹುಟ್ಟು ಮುಚ್ಚಿ, ಬಟ್ಟೆಯನ್ನು ಹೊಗೆಯ ಬೆಂಕಿಗೆ ಹಾಕಿ ಹೊರಬಂದರೆ ಬಿಳಿಗಿರಿ ತನ್ನ ಪಾಲಿಗೆ ಲೋಟ ಹಿಡಿದು ನಿಂತಿದ್ದ. ಬಗ್ಗಿಸಿದಾಗ ಡಬ್ಬದೊಳಗೆ ಏನೋ ಟಣ್ ಎಂದಿತು. ಏನು ಸದ್ದು ಅದು ಎಂದ ಬಿಳಿಗಿರಿ. ಹಳೆಯ ಡಬ್ಬ, ತಳ ಸಡಿಲ ಎಂದು ಕೇತ ಲೋಟದ ಕಂಠದವರೆಗೆ ಸುರಿದ. ಜೇನು ಕಂಡ ಬಾಯಿ ಮತ್ತೆ ಪ್ರಶ್ನೆ ಕೇಳಲಿಲ್ಲ.

ಅರ್ಧ ದಾರಿಯಲ್ಲಿ, ಹಳ್ಳದ ಬಳಿ, ಕೇತ ಚಮಚಗಳನ್ನು ತೊಳೆದು ಎಣಿಸಿದ. ಹನ್ನೊಂದು. ಮತ್ತೆ ಎಣಿಸಿದ. ಹನ್ನೊಂದೇ. ಆಗ ನೆನಪಾಯಿತು ಅವನಿಗೆ. ಬಟ್ಟೆ ಕೊಡವುವ ಮುನ್ನ, ಒಂದು ಚಮಚವನ್ನು ಅವನ ಕೈ ತಾನಾಗಿ ಆ ಕಟ್ಟೆಯ ಮೇಲೆ, ಹುಟ್ಟಿನ ಚೂರಿನ ಪಕ್ಕ, ಜೋಪಾನವಾಗಿ ಇಟ್ಟು ಬಂದಿತ್ತು. ಕರಡಿ ಪಾಲು! ತನ್ನ ಕೈಗೆ ತಾನೇ ಬೈದುಕೊಳ್ಳುತ್ತ ಮನೆಗೆ ಹೋಗಿ ಗುಡಿಸಲ ಸೂರಿಗೆ ಹನ್ನೊಂದನ್ನೂ ಸಿಕ್ಕಿಸಿದ.

ಬುಧವಾರ ಮಧ್ಯಾಹ್ನ ಚಿಮಣಿ ಕೆಡವಿದರು. ಸಂಜೆಗೆ ಬಿಳಿಗಿರಿ ಆ ಒಂದು ಚಮಚವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಓಡಿಬಂದ. ಪೋಡೆಲ್ಲ ಕೂಡಿತು. ದೊರೆ ಮನೆಯ ಚಮಚ ದೊರೆ ಮನೆಯಲ್ಲೇ ಸಿಕ್ಕಿತಲ್ಲ, ಹಾಗಾದರೆ ಕೇತ ಕದ್ದದ್ದು ಏನು ಎಂದು ಗುಸುಗುಸು ಎದ್ದಿತು. ಕೇತ ನೆಲ ನೋಡುತ್ತ ಕೂತಿದ್ದ, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ. ಆಗ ಮಾದಕ್ಕನ ಅಣ್ಣ, ಅಪ್ಪನ ನಂತರ ಪೋಡಿನ ಯಜಮಾನನಾಗಿದ್ದ ದೊಡ್ಡಮಾದ, ಚಮಚವನ್ನು ತಿರುಗಿಸಿ ಮುರುಗಿಸಿ ನೋಡಿದ. ನೋಡಿ ಅವನ ಕಣ್ಣು ತುಂಬಿ ಬಂತು.

‘ಒಂದ ಬುಟ್ಟವ್ನ ನೋಡ್ರಲಾ’ ಎಂದ. ‘ಕರಡಿ ಪಾಲು. ದೊರೆ ಮನೇಲೂವ ಪಾಲು ಬುಟ್ಟು ಬಂದವ್ನ ನಮ್ ಭಾವ. ಸೋಲಗ ಅಲ್ದೆ ಇನ್ಯಾವ ಕಳ್ಳ ಇಂಗೆ ಮಾಡಾನು?’

ಮುಗಿಯಿತು! ಅಲ್ಲಿಯವರೆಗೆ ಇದ್ದ ಚೂರುಪಾರು ಅನುಮಾನವೂ ಹೋಯಿತು. ಮುದುಕಿಯರು ಕೇತನ ತಲೆ ಸವರಿ ನೆಟಿಗೆ ತೆಗೆದರು. ಬೈಸಿಕೊಂಡ ಕೈಯೇ ತನ್ನನ್ನು ಕಾಪಾಡಿತಲ್ಲ ಎಂದು ಕೇತ ಎದೆಯುಬ್ಬಿಸಿ ಮನೆಗೆ ಬಂದ. ಮಾದಕ್ಕ ಒಲೆಯ ಮುಂದೆ ಕೂತಿದ್ದಳು. ದಿನಾ ಇಬ್ಬರಿಗೂ ಒಟ್ಟಿಗೆ ಬಡಿಸುವವಳು ಅವನೊಬ್ಬನ ತಟ್ಟೆ ಇಟ್ಟು, ಹಿಟ್ಟಿನ ಮುದ್ದೆ ಹಾಕಿ, ದೂರ ಸರಿದಳು.

‘ನೆನ್ನೆ ಕದ್ದು ಬಂದಯ್ ಅಲ್ವಾ?’ ಎಂದಳು.

ಸೂರು ನೋಡಿದೆಯಾ ಎಂದು ಕೇತ ಕೇಳಿದ. ನೋಡಿರಲಿಲ್ಲವಂತೆ. ನೋಡುವ ಅಗತ್ಯವೇನು ಎಂದಳು.

‘ಅವತ್ತು ನಾ ಸೌದೆ ಒತ್ಕಂಡು ಬಂಗ್ಲೆಗ ಬಂದಿದ್ದಿ. ಪೋಲೀಸ್ನೋರು ಪೆಟ್ಗೆಯ ಬಗ್ಗುಸಿ ತೋರುಸ್ತಿದ್ರು. ಅನ್ನೆರ್ಡು ಗುಳಿ, ಅನ್ನೆರ್ಡೂ ಖಾಲಿ. ಒಂದ್ನೂ ಬುಟ್ಟಿರ್ನಿಲ್ಲ. ಅವಾಗ್ಲೆ ಗೊತ್ತಾಯ್ತು ನಂಗ, ಇದು ನಮ್ಮೋರ ಕೈ ಅಲ್ಲ ಅಂತ. ಈಗ ಒಂದ ಬುಟ್ಟು ಬಂದಿದ್ದಯ್. ಇದು ನಿನ್ ಕೈ.’

ಕೇತ ಬೆಪ್ಪಾದ. ನಲವತ್ತೊಂದು ವರ್ಷ ಇವಳಿಗೆ ಎಲ್ಲ ಗೊತ್ತಿತ್ತು! ಜಗಲಿಯ ಕಥೆ, ಎರಡು ಡಜನ್ನು, ಸಿಂಹದ ಸೌಟು, ಎಲ್ಲವನ್ನೂ ಕಿವಿಯಾರೆ ಕೇಳಿಯೂ ಒಂದು ಮಾತಾಡಿರಲಿಲ್ಲ. ಮತ್ತೆ ಯಾಕೆ ನನ್ನನ್ನು ಕಟ್ಟಿಕೊಂಡೆ ಎಂದು ಕೇಳಿದ.

‘ಬೆಳ್ಳಿ ಅದ ಅಂತ ನಮ್ಮಪ್ಪ ಎಣ್ಣು ಕೊಟ್ಟ. ಇಲ್ಲ ಅಂತ ನಾ ಬಂದಿ’ ಎಂದಳು ಮಾದಕ್ಕ. ‘ನೀ ಸುಳ್ಳು ಏಳಿದ್ದಕ್ಕ ನಾ ಏನೂ ಅನ್ಕಂಡಿಲ್ಲ. ಸುಳ್ಳು ಯಾರ ಮನೇದ್ನೂ ಎತ್ಕಂಡು ಬರಲ್ಲ. ನೆನ್ನೆ ನೀ ಎತ್ಕಂಡು ಬಂದಿದ್ದಯ್. ಇನ್ಮ್ಯಾಕ ನಾನೂ ಎಲ್ಲಾರಂಗೆ ಕೇಳ್ಬೇಕಾಯ್ತದ.’ ಅವಳು ಅವನ ಮುಖವನ್ನೇ ನೋಡಿದಳು. ‘ಎಲ್ಲಿಟ್ಟಿದ್ದಯ್?’

ಪೋಲೀಸರ ‘ಎಂಗಡಾ’ಗೆ ಬಗ್ಗದ ಬೆನ್ನು ಆ ಒಂದು ಮಾತಿಗೆ ಬಗ್ಗಿತು. ಊರೆಲ್ಲ ಕಳ್ಳನೆಂದು ಹೊಗಳುವಾಗ ಒಬ್ಬಳು ಅವನನ್ನು ಕಳ್ಳನಲ್ಲ ಎಂದು ನಂಬಿಕೊಂಡು ಸಂಸಾರ ಮಾಡಿದ್ದಳು. ಅವಳ ಆ ನಂಬಿಕೆಯನ್ನು ಹನ್ನೊಂದು ಚಮಚಕ್ಕೆ ಕಳೆದುಕೊಂಡಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುತ್ತಾರಲ್ಲ, ಅದು ನೆನಪಾಗಿ ಕೇತ ಅಳುವುದನ್ನೂ ಮಾಡಿದ. ಮಾದಕ್ಕ ಕರಗಲಿಲ್ಲ. ಚಾಪೆಯನ್ನು ಬೇರೆ ಮೂಲೆಗೆ ಎಳೆದುಕೊಂಡಳು.

ಗುರುವಾರ ಬೆಳಿಗ್ಗೆ ಗೆಟ್ಟವಾಡಿಯಿಂದ ಚಿಕ್ಕಬಸಪ್ಪನವರೇ ಬಸ್ಸು ಹತ್ತಿ ಬಂದರು. ಸುದ್ದಿ ಕೇಳಿ ಮನೆಯಲ್ಲಿ ಕೂರಲಾಗಲಿಲ್ಲ ಅವರಿಗೆ. ಬಿಳಿಗಿರಿಯೂ ಬಂದಿದ್ದ. ಹುಣಸೆಮರದ ಕೆಳಗೆ ಎಲ್ಲರೂ ಕೂತು, ಬೆಳ್ಳಿಕೇತ ಬಂದು ಕಥೆ ಹೇಳಲಿ ಎಂದು ಕಾದರು. ಕೇತ ಬಂದ. ಪಂಚೆಯ ಮಡಿಲಿನಿಂದ ಹನ್ನೊಂದು ಚಮಚ ತೆಗೆದು ನೆಲದ ಮೇಲೆ ಸಾಲಾಗಿ ಜೋಡಿಸಿದ.

‘ಅವತ್ತು ನಾ ಕದೀನಿಲ್ಲ ಕಣ್ರಪ್ಪ’ ಎಂದ. ‘ಬಟ್ಲರು ಕದ್ದು ಚಿಮಣಿಲಿ ಮಡಗಿದ್ದ. ನಾ ಕದ್ದದ್ದು ಮಂಗ್ಳಾರ, ಜೇನು ಕೀಳಕ ವೋದಾಗ. ಇಷ್ಟು ವರ್ಸ ನಾ ಏಳಿದ್ದೆಲ್ಲ ಸುಳ್ಳು.’

ಹೇಳಿ ತಲೆ ತಗ್ಗಿಸಿ, ಬರುವ ಉಗುಳಿಗೆ ಕಾದ. ಚಿಕ್ಕಬಸಪ್ಪನವರು ತೊಡೆ ತಟ್ಟಿಕೊಂಡು ನಕ್ಕರು ನೋಡಿ, ಪೋಡಿಗೆ ಪೋಡೇ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಿತು. ಮಾಲನ್ನು ಮುಂದೆ ಹರವಿಕೊಂಡು ಕದ್ದಿಲ್ಲ ಎನ್ನುತ್ತಾನಲ್ಲ, ಇವನ ಬಾಯಿಯೇ ಬಾಯಿ! ಜೈಲಿನಿಂದ ಬಂದ ದಿನವೂ ಇದನ್ನೇ ಹೇಳಿದ್ದ ಎಂದು ಮುದುಕರು ನೆನಪಿಸಿದರು. ಕೇತ ಆಣೆ ಇಟ್ಟ. ಇನ್ನೂ ನಕ್ಕರು. ಚಿಕ್ಕಬಸಪ್ಪನವರು ಕಣ್ಣೊರೆಸಿಕೊಂಡು ಚಮಚಗಳ ಮೇಲೆ ಬಗ್ಗಿ ಹುಡುಕಿದರು.

‘ಎಲ್ಲಾ ಸರಿ ಕಣ್ಲಾ ಕೇತ. ಸೌಟೆಲ್ಲಿ?’

‘ಸೌಟೇ ಇರ್ನಿಲ್ಲ ಬುದ್ದಿ’ ಎಂದ ಕೇತ. ಅದಕ್ಕೆ ಎದ್ದ ನಗು ಹಳ್ಳದಾಚೆಗೂ ಕೇಳಿಸಿತು.

ಇಡೀ ಕೂಟದಲ್ಲಿ ನಗದೆ ಇದ್ದವಳು ಮಾದಕ್ಕ ಒಬ್ಬಳೇ. ಸೆರಗು ಕೊಡವಿ ಎದ್ದು, ಗಂಡನ ಹತ್ತಿರ ಬಂದು, ‘ಬಾ, ಇಟ್ಟು ಆರೋಯ್ತದ’ ಎಂದಳು. ಒಳಗೆ ಎರಡು ತಟ್ಟೆ ಇಟ್ಟಿದ್ದಳು.

ಚಮಚಗಳನ್ನು ಬಂಗಲೆಗೆ ಒಯ್ಯಲು ಬಿಳಿಗಿರಿ ಒಪ್ಪಲಿಲ್ಲ. ಯಾವ ರಿಜಿಸ್ಟರಿನಲ್ಲೂ ಇಲ್ಲದ ಸಾಮಾನು ತಂದುಕೊಟ್ಟರೆ ಇಷ್ಟು ವರ್ಷ ಎಲ್ಲಿಟ್ಟಿದ್ದೆ ಎಂದು ತನ್ನನ್ನೇ ಕೇಳುತ್ತಾರೆ, ಬೇಡಪ್ಪ ಬೇಡ ಎಂದು ತನ್ನ ಕೈಲಿದ್ದ ಒಂದನ್ನೂ ಅಲ್ಲೇ ಹಾಕಿ ನಡೆದ. ದೊಡ್ಡಮಾದ ಮನೆಗೊಂದರಂತೆ ಹಂಚಿದ. ಹನ್ನೊಂದು ಗುಡಿಸಲಿನ ಮಕ್ಕಳು ಕೆಮ್ಮಿಗೆ ಜೇನು ನೆಕ್ಕಲು ದೊರೆಸಾನಿಯ ಬೆಳ್ಳಿ ಬಂತು. ಕೆಮ್ಮು ದೊರೆಯ ಚಮಚ ಕೆಮ್ಮಿಗೇ ಆಯಿತು. ಹನ್ನೆರಡನೆಯದನ್ನು ಮಾದಕ್ಕ ಮನೆಯೊಳಗೆ ತರಗೊಡಲಿಲ್ಲ. ನಮ್ಮನೆಯದು ಕರಡಿಗೆ ಎಂದಳು. ಕೇತ ಜೇನುಬಂಡೆ ಹತ್ತಿ ಅದನ್ನು ಕಲ್ಲಿನ ಸಂದಿಯಲ್ಲಿ ಇಟ್ಟು ಬಂದ. ಬೆಳ್ಳಿಕೇತನ ಮನೆಯೊಂದನ್ನು ಬಿಟ್ಟು ಪೋಡಿನ ಎಲ್ಲ ಮನೆಯಲ್ಲೂ ಬೆಳ್ಳಿ ಇತ್ತು.

ಆಮೇಲೆ ಏಳು ವರ್ಷ ಬದುಕಿದ. ಯಾರು ಕೇಳಿದರೂ ನಿಜವನ್ನೇ ಹೇಳಿದ, ಯಾರೂ ನಂಬಲಿಲ್ಲ. ಜಗಲಿಯೂ ತಪ್ಪಲಿಲ್ಲ, ಕಾಫಿಯೂ ತಪ್ಪಲಿಲ್ಲ. ಎಂಬತ್ತಾರರಲ್ಲಿ, ಮಾಗಿಯ ಚಳಿಯಲ್ಲಿ, ಬೆಳ್ಳಿಕೇತ ತೀರಿಕೊಂಡ. ಮಣ್ಣು ಮಾಡಿ ಬಂದ ಮೂರನೆಯ ದಿನವೇ ಜನ ಹಾರೆ ಗುದ್ದಲಿ ಹಿಡಿದು ಬಂದರು. ಒಲೆಯ ಹಿಂದೆ, ಕೊಟ್ಟಿಗೆಯಲ್ಲಿ, ಹುಣಸೆಮರದ ಬುಡದಲ್ಲಿ ಸಿಂಹದ ಮೊಕದ ಸೌಟಿಗಾಗಿ ಅಗೆದೇ ಅಗೆದರು. ಚಿಕ್ಕಬಸಪ್ಪನವರ ಮಗನೂ ಒಬ್ಬ ಆಳನ್ನು ಕಳಿಸಿದ್ದ. ಸಾಯುವಾಗಲಾದರೂ ನಿನಗೆ ಹೇಳಿರಬೇಕಲ್ಲ, ನೀನಾದರೂ ಎಲ್ಲಿ ಅಂತ ಕೇಳಲಿಲ್ಲವೇ ಎಂದು ಎಲ್ಲರೂ ಮಾದಕ್ಕನನ್ನು ಪೀಡಿಸಿದರು.

ಇಲ್ಲ, ಕೇಳಲಿಲ್ಲ ಎಂದಳು ಮಾದಕ್ಕ, ಅಗೆದ ಗುಂಡಿಗಳನ್ನು ಒಂದೊಂದೇ ಕಾಲಲ್ಲಿ ಮುಚ್ಚುತ್ತ.